ಅಲ್ಯೂಮಿನಿಯಂ ದೋಣಿಗೆ ಹೊಸ ಹಲಗೆ ಹಾಸುವ ಕ್ರಮ

ಅಮೆರಿಕಾ ದೇಶದ ಸರೋವರಗಳಲ್ಲಿ ಮೀನು ಹಿಡಿಯುವ ಸಣ್ಣ ಅಲ್ಯೂಮಿನಿಯಂ ದೋಣಿಗಳಿಗೆ ಪ್ಲೈವುಡ್ ಹಲಗೆಯ ನೆಲವಿರುವುದು ಸಾಮಾನ್ಯ. ಲೋಹದ ಒಡಲು ಬಹುಕಾಲ ಬಾಳಿದರೂ ಹಲಗೆಯು ನೀರು ಕುಡಿದು ಮೊದಲೇ ಕೊಳೆಯುವುದು. ಹೊಸದಾದರೂ ಕೊಳೆಯದಿರಲೆಂದು ಯಜಮಾನನು ಔಷಧ ತುಂಬಿದ ಮರವನ್ನು ತಂದು ಹಾಸುವನು. ದೋಣಿಗೆ ಕೇಡು ತಗಲುವುದು ಅಲ್ಲಿಯೇ.

ಅಂತಹ ಔಷಧಗಳಲ್ಲಿ ಬಹುಮಟ್ಟಿಗೆ ತಾಮ್ರವಿರುವುದು. ಹಲಗೆ ನೆನೆದಾಗ ತಾಮ್ರದ ಅಂಶವು ಹೊರಬಂದು ಅಲ್ಯೂಮಿನಿಯಮನ್ನು ತಿನ್ನುವುದು. ತಗಡಿನಲ್ಲಿ ಗುಳಿಗಳು ಬಿದ್ದು ಕಡೆಗೆ ತೂತಾಗುವುದು. ಉಪ್ಪುನೀರಿನಲ್ಲಿ ಇದು ಇನ್ನೂ ಶೀಘ್ರ. ಕೊಳೆತ ಹಲಗೆಯನ್ನು ಮತ್ತೆ ಬದಲಾಯಿಸಬಹುದು, ತೂತಾದ ಒಡಲಿಗೆ ಏನು ಮಾಡುವುದು?

ನಮ್ಮ ದೇಶದಲ್ಲಿ ಐ.ಎಸ್. 710 ಗುರುತಿನ ಸಾಗರ ದರ್ಜೆಯ ಹಲಗೆಗೂ ರಕ್ಷಕ ಔಷಧವನ್ನು ಹಾಕಿರುತ್ತಾರೆ. ಆದಕಾರಣ ಗುರುತನ್ನು ಮಾತ್ರ ನಂಬದೆ, ಅದರಲ್ಲಿ ತಾಮ್ರವುಂಟೇ ಎಂದು ವಿಚಾರಿಸಿಯೇ ಕೊಳ್ಳತಕ್ಕದ್ದು.

ರಿವೆಟ್ಟುಗಳ ತಲೆಯನ್ನು ಕೊರೆದು ಹಳೆಯ ಹಲಗೆಯನ್ನು ಇಡಿಯಾಗಿ ಎತ್ತಬೇಕು. ಹೊಸದನ್ನು ಕತ್ತರಿಸಲು ಅದೇ ಅಳತೆ. ಕೆಳಗಿನ ತೇಲುನೊರೆಯು ನೀರು ಹೀರಿ ಭಾರವಾಗಿದ್ದರೆ ತೆಗೆದು ಹೊಸದನ್ನು ತುಂಬತಕ್ಕದ್ದು. ನೊರೆಯಿಲ್ಲದೆ ಬಿಡಕೂಡದು, ದೋಣಿಯಲ್ಲಿ ನೀರು ತುಂಬಿದಾಗ ಮುಳುಗದಂತೆ ಹಿಡಿಯುವುದು ಅದೇ. ಹಲಗೆಯನ್ನು ಕತ್ತರಿಸಿ, ರಂಧ್ರಗಳನ್ನೆಲ್ಲ ಕೊರೆದ ಮೇಲೆಯೇ ಎಪಾಕ್ಸಿಯನ್ನು ಎರಡು ಮೂರು ಸಾರಿ ಬಳಿಯತಕ್ಕದ್ದು. ಅಂಚುಗಳಿಗೂ ರಂಧ್ರಗಳ ಒಳಮೈಗೂ ಬಳಿಯುವುದನ್ನು ಅನೇಕರು ಮರೆಯುವರು, ನೀರು ಒಳಹೊಗುವುದು ಅಲ್ಲಿಂದಲೇ. ಕೂಡಿಸುವುದಕ್ಕೆ ಅಲ್ಯೂಮಿನಿಯಂ ರಿವೆಟ್ಟುಗಳೇ ಉತ್ತಮ. ಹಿತ್ತಾಳೆಯ ಮೊಳೆಯಲ್ಲಿಯೂ ತಾಮ್ರವಿರುವುದರಿಂದ ಅದು ಸಲ್ಲದು.