ವಿಶ್ವವಿದ್ಯಾನಿಲಯದಲ್ಲಿ ವೈರಸ್ ಪರೀಕ್ಷೆ: ಒಂದು ಲೆಕ್ಕ

ಯುರೇನಿಯಂ ಪರಮಾಣುವೊಂದು ಒಡೆದಾಗ ಎರಡು ಮೂರು ನ್ಯೂಟ್ರಾನುಗಳು ಹೊರಬೀಳುತ್ತವೆ. ಅವುಗಳಲ್ಲಿ ಸರಾಸರಿ ಒಂದಕ್ಕಿಂತ ಹೆಚ್ಚು ನ್ಯೂಟ್ರಾನು ಬೇರೆ ಪರಮಾಣುಗಳನ್ನು ಒಡೆದರೆ ಸರಪಣಿ ಕ್ರಿಯೆ ಬೆಳೆಯುತ್ತದೆ, ಕಡಿಮೆಯಾದರೆ ನಂದಿಹೋಗುತ್ತದೆ. ಅಂಟುರೋಗದ ಹರಡುವಿಕೆಯೂ ಇದೇ ನಿಯಮಕ್ಕೆ ಒಳಪಟ್ಟದ್ದು.

ಕೋವಿಡ್ ತಗಲಿದವನು ಜ್ವರ ಕಾಣಿಸಿಕೊಳ್ಳುವ ಮೊದಲೇ ಅದನ್ನು ಹರಡಬಲ್ಲನು. ಆದುದರಿಂದ 2020ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಅರ್ಬಾನಾ-ಶಾಂಪೇನ್‌ನಲ್ಲಿರುವ ಇಲಿನಾಯ್ ವಿಶ್ವವಿದ್ಯಾನಿಲಯವು ವಿದ್ಯಾರ್ಥಿಗಳನ್ನೂ ಸಿಬ್ಬಂದಿಯನ್ನೂ, ಆರೋಗ್ಯವಾಗಿದ್ದರೂ ಸರಿಯೆ, ವಾರಕ್ಕೆರಡು ಸಲ ಪರೀಕ್ಷಿಸಲು ತೊಡಗಿತು. ಅಲ್ಲಿನ ರಸಾಯನಶಾಸ್ತ್ರಜ್ಞ ಪಾಲ್ ಹರ್ಗೆನ್‌ರೋದರ್ ಮತ್ತು ಸಂಗಡಿಗರು ಜೊಲ್ಲನ್ನು ನಾಳದಲ್ಲಿಯೇ 95 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಕಾಯಿಸಿ, ವೈರಸ್ಸಿನ ಆರ್‌ಎನ್‌ಎಯನ್ನು ಬೇರ್ಪಡಿಸುವ ದೀರ್ಘ ಹಂತವನ್ನೇ ಕೈಬಿಟ್ಟರು. ದಿನಕ್ಕೆ ಸಾವಿರಾರು ಮಾದರಿಗಳನ್ನು ನೋಡುವುದು ಇದರಿಂದ ಸಾಧ್ಯವಾಯಿತು.

ಇಷ್ಟು ಅವಸರವೇಕೆ? ಲೆಕ್ಕ ಹಾಕಿ ನೋಡೋಣ. ಒಬ್ಬ ರೋಗಿಯು 8 ದಿನಗಳಲ್ಲಿ, ಒಂದೇ ವೇಗದಲ್ಲಿ, 3 ಮಂದಿಗೆ ರೋಗ ಅಂಟಿಸುವನೆಂದು ಭಾವಿಸೋಣ. 4 ದಿನಗಳಿಗೊಮ್ಮೆ ಪರೀಕ್ಷೆ ನಡೆದರೆ ಅವನು ಸರಾಸರಿ 2 ದಿನ ತಿರುಗಾಡಿದ ಮೇಲೆ ಮಾದರಿ ಕೊಡುತ್ತಾನೆ. ಫಲಿತಾಂಶ ಅರ್ಧ ದಿನದಲ್ಲಿ ಬಂದರೆ ಅವನು ಹರಡುವ ಅವಧಿ 2.5 ದಿನ, ಅಂಟುವುದು 0.94 ಮಂದಿಗೆ. ಫಲಿತಾಂಶಕ್ಕೆ 2 ದಿನ ಕಾಯಬೇಕಾದರೆ ಈ ಸಂಖ್ಯೆ 1.5 ಆಗುತ್ತದೆ. 100 ರೋಗಿಗಳಿಂದ ಹೊರಟರೆ, ಹತ್ತನೆಯ ಸುತ್ತಿನ ಹೊಸ ರೋಗಿಗಳು ಮೊದಲ ಬಗೆಯಲ್ಲಿ ಸುಮಾರು 52. ಎರಡನೆಯದರಲ್ಲಿ 5,700ಕ್ಕೂ ಹೆಚ್ಚು! ಪರೀಕ್ಷೆಯು ಎಂದೂ ತಪ್ಪದೆಂದು ನಾವಿಲ್ಲಿ ಇಟ್ಟುಕೊಂಡಿದ್ದೇವೆ. ಅದು ನಿಜವಲ್ಲ, ಆದರೆ ಒಮ್ಮೆ ತಪ್ಪಿಸಿಕೊಂಡವನು ನಾಲ್ಕು ದಿನಗಳಲ್ಲಿ ಮರಳಿ ಬರುತ್ತಾನೆ. ಅಪರೂಪಕ್ಕೊಮ್ಮೆ ಮಾಡುವ ಅತಿ ಸೂಕ್ಷ್ಮ ಪರೀಕ್ಷೆಗಿಂತ ಪದೇಪದೇ ಮಾಡುವ, ಬೇಗ ಉತ್ತರ ಕೊಡುವ ಪರೀಕ್ಷೆಯೇ ಇಂಥ ಕಡೆ ಮೇಲೆಂದು ನಮ್ಮ ಅಭಿಪ್ರಾಯ.

ಇಲಿನಾಯ್‌ನಲ್ಲಿ ಇದಕ್ಕಿಂತ ಬಹು ವಿಸ್ತಾರವಾದ ಗಣಿತವನ್ನು ರಚಿಸಿದವರು ಭೌತವಿಜ್ಞಾನಿ ನೈಜೆಲ್ ಗೋಲ್ಡನ್‌ಫೆಲ್ಡ್ ಮತ್ತು ಇಂಜಿನಿಯರಿಂಗ್ ಪ್ರಾಧ್ಯಾಪಕ ಅಹ್ಮದ್ ಎಲ್‌ಬನ್ನಾ. ವಿದ್ಯಾರ್ಥಿಗಳು ಔತಣಕೂಟಗಳಿಗೆ ಹೋಗುವರೆಂಬುದನ್ನು ಕೂಡ ಅವರು ಗಣನೆಗೆ ತೆಗೆದುಕೊಂಡಿದ್ದರು. ಆದರೂ ತರಗತಿಗಳು ಆರಂಭವಾದ ಕೆಲವೇ ದಿನಗಳಲ್ಲಿ ರೋಗಿಗಳ ಸಂಖ್ಯೆ ಏರಿತು. ರೋಗ ತಗಲಿದೆಯೆಂದು ತಿಳಿದ ಮೇಲೂ ಕೆಲವರು ಕೂಟಗಳಿಗೆ ಹೋಗಿದ್ದರು. ಗಣಿತಕ್ಕೆ ಇದು ಹೊಳೆದಿರಲಿಲ್ಲ.

ನಮ್ಮ ಲೆಕ್ಕದಲ್ಲಿಯೂ ಇದನ್ನು ಸೇರಿಸೋಣ. ಹತ್ತರಲ್ಲಿ ಒಂಬತ್ತು ಮಂದಿ ಕೋಣೆಯಲ್ಲಿ ಉಳಿದು, ಒಬ್ಬನು ಎಂದಿನಂತೆ ತಿರುಗಾಡಿ 3 ಮಂದಿಗೆ ಅಂಟಿಸಲಿ. ಆಗ ಸರಾಸರಿಯು 0.94 ಇದ್ದದ್ದು 1.14 ಆಗುತ್ತದೆ. ನಂದುತ್ತಿದ್ದ ಸರಪಣಿ ಮತ್ತೆ ಹೊತ್ತಿಕೊಳ್ಳುತ್ತದೆ.

ಸೆಪ್ಟೆಂಬರ್ 2ರಂದು ವಿಶ್ವವಿದ್ಯಾನಿಲಯವು ಪದವಿ ತರಗತಿಯ ವಿದ್ಯಾರ್ಥಿಗಳ ಓಡಾಟವನ್ನು ಎರಡು ವಾರಗಳ ಕಾಲ ಅತ್ಯಗತ್ಯ ಕೆಲಸಗಳಿಗೆ ಸೀಮಿತಗೊಳಿಸಿತು. ಬಳಿಕ ಸಂಖ್ಯೆ ಇಳಿಯಿತು. ನಾಳದಲ್ಲಿ ಜೊಲ್ಲನ್ನು ಕಾಯಿಸುವ ವಿಧಾನ ಮಾತ್ರ ಮೊದಲಿನದೇ ಆಗಿತ್ತು.