ಆಕಾಶದ ಗಡಿಯಾರ

ಗಡಿಯಾರಗಳು ಮನೆಮನೆಗೆ ಬರುವ ಮೊದಲು ರೈತನಿಗೆ ಆಕಾಶವೇ ಗಡಿಯಾರವಾಗಿತ್ತು. ಗೋಕಾಕ ಸೀಮೆಯಲ್ಲಿ ಘಟಪ್ರಭೆಗೆ ಧೂಪದಾಳದ ಒಡ್ಡು ಕಟ್ಟಿ ಮುಗಿದದ್ದು 1897ರಲ್ಲಿ. ಕಾಲುವೆಯ ನೀರಿಗೆ ಹಗಲಿರುಳೆಂಬ ಭೇದವಿಲ್ಲ. ನಡುರಾತ್ರಿಯ ಪಾಳಿಯವನು ತಡವಾಗಿ ಎದ್ದರೆ ಬೆಳೆ ಒಣಗುವುದು; ಬೇಗನೆ ನೀರು ತಿರುವಿಕೊಂಡರೆ ನೆರೆಯವನೊಡನೆ ಜಗಳ ತಪ್ಪದು.

ದಿಕ್ಕನ್ನು ಅರಿಯುವುದು ಸುಲಭ. ಸಪ್ತರ್ಷಿಮಂಡಲದ ಪುಲಹದಿಂದ ಕ್ರತುವಿಗೆ ಗೆರೆಯೆಳೆದು, ಅದನ್ನು ಐದು ಪಟ್ಟು ಮುಂದುವರಿಸಿದರೆ ಧ್ರುವ ನಕ್ಷತ್ರ ಸಿಕ್ಕುತ್ತದೆ, ಅದೇ ಉತ್ತರ. ಗೋಕಾಕದ ಅಕ್ಷಾಂಶ ಸುಮಾರು 16 ಡಿಗ್ರಿ. ಧ್ರುವವೂ ಅಲ್ಲಿ ದಿಗಂತದಿಂದ ಅಷ್ಟೇ ಎತ್ತರದಲ್ಲಿದೆ. ಚಾಚಿದ ತೋಳಿನ ಮುಷ್ಟಿಯ ಅಗಲ ಸುಮಾರು 10 ಡಿಗ್ರಿಯಾದುದರಿಂದ ಒಂದೂವರೆ ಮುಷ್ಟಿಯ ಮೇಲೆ ಹುಡುಕಿದರೆ ಸಾಕು. ಗುಡ್ಡ ಅಡ್ಡವಾದರೆ ಮಾತ್ರ ಕಾಣದು.

ಹೊತ್ತನ್ನು ಅರಿಯುವುದು ಇಷ್ಟು ಸುಲಭವಲ್ಲ. ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳು ಹೆಚ್ಚುಕಡಿಮೆ ನೇರ ಪೂರ್ವದಲ್ಲಿ ಹುಟ್ಟಿ ನೇರ ಪಶ್ಚಿಮದಲ್ಲಿ ಮುಳುಗುತ್ತವೆ. ಡಿಸೆಂಬರಿನ ನಡುವೆ ಅವು ನೆತ್ತಿಯ ಸಮೀಪಕ್ಕೆ ಬಂದರೆ ನಡುರಾತ್ರಿಯಾಯಿತೆಂದು ತಿಳಿಯಬಹುದು. ಆದರೆ ನಕ್ಷತ್ರಗಳು ದಿನಕ್ಕೆ ಸುಮಾರು 4 ನಿಮಿಷ, ತಿಂಗಳಿಗೆ 2 ಗಂಟೆ ಮೊದಲೇ ಹುಟ್ಟುತ್ತವೆ. ಜನವರಿಯ ನಡುವೆ ಅವೇ ನಕ್ಷತ್ರಗಳು ನೆತ್ತಿಗೇರಿದಾಗ ಇನ್ನೂ ಹತ್ತರ ಆಸುಪಾಸು! ತಿಂಗಳನ್ನು ಮರೆತವನು ಎರಡು ತಾಸು ಮೊದಲೇ ಹೊಲದಲ್ಲಿ ಚಳಿಗೆ ನಡುಗಬೇಕಾದೀತು.

ಬೆಳ್ಳಿಚಿಕ್ಕಿಯಂತೂ ನಕ್ಷತ್ರವಲ್ಲ, ಶುಕ್ರಗ್ರಹ. ಕೆಲವು ತಿಂಗಳು ನಸುಕಿನಲ್ಲಿ, ಕೆಲವು ತಿಂಗಳು ಸಂಜೆಯಲ್ಲಿ ಕಾಣುವುದು. ನಡುವೆ ಕೆಲವು ದಿನ ಕಾಣುವುದೇ ಇಲ್ಲ. ನಡುರಾತ್ರಿ ಮೂಡಿದ ಗುರುಗ್ರಹವನ್ನು ಬೆಳ್ಳಿಯೆಂದು ಬಗೆದು ಗಾಡಿ ಹೂಡಿದರೆ ಎತ್ತುಗಳಿಗೂ ನಿದ್ದೆಯಿಲ್ಲ. ಇನ್ನು ಮಳೆಗಾಲದ ಮೋಡ ಕವಿದಾಗ ಈ ಗಡಿಯಾರ ನಿಂತೇ ಹೋಗುತ್ತದೆ. ಆಗ ಕೋಳಿಯ ಕೂಗೇ ಗತಿ.