ಸೂಜಿಯ ಭಯ, ಅಮ್ಮನ ಆತಂಕ: ರಕ್ತ ಕೊಡುವ ಮುನ್ನ

ಯಾವುದೇ ದೊಡ್ಡಾಸ್ಪತ್ರೆಯ ರಕ್ತನಿಧಿಯ ಮುಂದೆ ಅರ್ಧ ಗಂಟೆ ನಿಂತರೆ ಸಾಕು, ಜನ ರಕ್ತ ಕೊಡದಿರಲು ಇರುವ ಕಾರಣಗಳೆಲ್ಲ ಕಿವಿಗೆ ಬೀಳುತ್ತವೆ. ‘ನಂಗೆ ಸೂಜಿ ಅಂದ್ರೆ ಆಗಲ್ಲ’, ‘ಮೊದಲೇ ಸಣ್ಣಗಿದ್ದೀನಿ’, ‘ನಾಳೆ ಗದ್ದೆ ಕೆಲಸ ಇದೆ’, ‘ಮನೇಲಿ ಕೇಳಬೇಕು’. ಮನೆಗೆ ಫೋನ್ ಮಾಡಿದರೆ ಆ ಕಡೆಯಿಂದ ಅಮ್ಮ, ‘ನೀನು ಕೊಡಬೇಡ ಮಗ, ನಿಶ್ಶಕ್ತಿ ಆಗುತ್ತೆ, ಬೇರೆ ಯಾರಾದ್ರೂ ಕೊಡ್ಲಿ’ ಎನ್ನುತ್ತಾಳೆ. ರೋಗಿಯ ಜತೆ ಬಂದ ಅಟೆಂಡರ್‌ಗಳಲ್ಲಿ ಕಾಫಿ ಕುಡಿದು ಬರುತ್ತೇವೆಂದು ಹೊರಟವರು ಆಮೇಲೆ ಫೋನಿಗೂ ಸಿಗುವುದಿಲ್ಲ.

ಇವರನ್ನೆಲ್ಲ ಕಲ್ಲುಮನಸ್ಸಿನವರು ಎಂದು ಬೈದು ಪ್ರಯೋಜನವಿಲ್ಲ. ಅನುಮಾನಗಳು ತಲೆ ಎತ್ತುವುದು ಆಪರೇಷನ್ ಥಿಯೇಟರಿನ ಬಾಗಿಲಲ್ಲಿ. ಅವುಗಳಿಗೆ ಉತ್ತರ ಹುಡುಕುವ ವ್ಯವಧಾನ ಆಗ ಯಾರಿಗೂ ಇರುವುದಿಲ್ಲ. ಅದಕ್ಕೂ ಮೊದಲು ‘ರಕ್ತ ಕೊಡ್ತೀರಾ?’ ಎಂದು ಅವರನ್ನು ಯಾರೂ ಕೇಳಿರುವುದಿಲ್ಲ. ವಿಷಯವನ್ನು ಮೊದಲೇ ತಿಳಿದುಕೊಂಡು, ಯಾರ ಅವಸರವೂ ಇಲ್ಲದ ಒಂದು ದಿನ ತಾವಾಗಿ ಹೋಗಿ ಕೊಡುವುದೇ ಸುಲಭದ ದಾರಿ.

ಯಾಕೆ ಕೊಡಬೇಕೆಂದು ಮೊದಲು ಕೇಳಿಕೊಳ್ಳಿ

ಕೊಡುವವರ ಕಾರಣಗಳೂ ಬಗೆಬಗೆ. ಮನೆಯವರಿಗೆ ಒಮ್ಮೆ ರಕ್ತ ಸಿಗದೆ ಪರದಾಡಿದವರು, ಎನ್‌ಎಸ್‌ಎಸ್ ಶಿಬಿರದಲ್ಲಿ ಗೆಳೆಯ ಕೊಟ್ಟನೆಂದು ತಾವೂ ತೋಳು ಮಡಚಿದವರು, ಪುನೀತ್ ರಾಜ್‌ಕುಮಾರ್ ಹುಟ್ಟಿದ ಮಾರ್ಚ್ 17ರಂದು ಸಾಲು ನಿಲ್ಲುವ ಅಭಿಮಾನಿಗಳು. ಇವೆಲ್ಲ ಒಳ್ಳೆಯ ಕಾರಣಗಳೇ.

ದುಡ್ಡಿಗಾಗಿ ಕೊಡುವವರೂ ನಮ್ಮಲ್ಲಿದ್ದರು. 1996ರ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ, 1998ರ ಜನವರಿ 1ರಿಂದ ರಕ್ತ ಮಾರುವವರಿಂದ ರಕ್ತ ಪಡೆಯುವುದು ದೇಶದಾದ್ಯಂತ ನಿಷೇಧವಾಯಿತು. ಹಣ ಬೇಕಾದವನು ತನ್ನ ಕಾಯಿಲೆಯನ್ನು ಮುಚ್ಚಿಡುತ್ತಾನೆ ಎಂಬುದು ಇದರ ಹಿಂದಿನ ಸರಳ ತರ್ಕ. ಬ್ರಿಟನ್ನಿನ ವಿದ್ವಾಂಸ ರಿಚರ್ಡ್ ಟಿಟ್ಮಸ್ 1970ರಲ್ಲೇ ಇಡೀ ಪುಸ್ತಕ ಬರೆದು ಈ ವಾದ ಮಂಡಿಸಿದ್ದರು. ಹಣ ಕೊಟ್ಟರೆ ದಾನದ ಮನಸ್ಸೇ ಹಿಂಜರಿಯುತ್ತದೆ ಎಂಬುದು ಅವರ ಇನ್ನೊಂದು ಮಾತು. 2008ರಲ್ಲಿ ಪ್ರಕಟವಾದ ಸ್ವೀಡನ್ನಿನ ಒಂದು ಅಧ್ಯಯನ ಅದನ್ನು ಒರೆಗೆ ಹಚ್ಚಿತು. ರಕ್ತದಾನಿಯಾಗಲು ಬೇಕಾದ ತಪಾಸಣೆಗೆ ಸುಮ್ಮನೆ ಕರೆದಾಗ ಶೇ 52ರಷ್ಟು ಮಹಿಳೆಯರು ಒಪ್ಪಿದರು. 50 ಕ್ರೋನರ್ ಕೊಡುತ್ತೇವೆಂದಾಗ ಒಪ್ಪಿದವರು ಶೇ 30 ಮಾತ್ರ. ಆ ಹಣವನ್ನು ದತ್ತಿಗೆ ಕೊಡಬಹುದು ಎಂದಾಗ ಪ್ರಮಾಣ ಮತ್ತೆ ಶೇ 53ಕ್ಕೆ ಏರಿತು. ಗಂಡಸರಲ್ಲಿ ಇಂಥ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಶಿಬಿರಗಳಲ್ಲಿ ಹೆಲ್ಮೆಟ್, ಟಿಫನ್ ಬಾಕ್ಸ್‌ಗಳ ಆಮಿಷ ಒಡ್ಡುವ ಸಂಘಟಕರು ಇದನ್ನೊಮ್ಮೆ ಓದುವುದು ಒಳ್ಳೆಯದು.

ಒಂದು ಕಾರಣ ಮಾತ್ರ ಅಪಾಯಕಾರಿ. ‘ಹೇಗೂ ಎಚ್‌ಐವಿ ಪರೀಕ್ಷೆ ಪುಕ್ಕಟೆ ಆಗುತ್ತದಲ್ಲ’ ಎಂದು ಬರುವವರಿದ್ದಾರೆ. ಸೋಂಕು ತಗುಲಿದ ಆರಂಭದ ದಿನಗಳಲ್ಲಿ ಅದು ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು. ಆ ರಕ್ತ ಇನ್ನೊಬ್ಬರ ಮೈ ಸೇರುತ್ತದೆ. ಅನುಮಾನವಿದ್ದರೆ ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಕೇಂದ್ರಕ್ಕೆ ಹೋಗಿ. ಅಲ್ಲಿ ಪರೀಕ್ಷೆ ಉಚಿತ, ಗುಟ್ಟಾಗಿಯೂ ಇರುತ್ತದೆ.

ನಿಮ್ಮಿಂದ ಆಗುತ್ತದೆಯೇ?

ವಯಸ್ಸು 18ರಿಂದ 65, ಮೊದಲ ಸಲ ಕೊಡುವವರಿಗೆ 60ರ ಮಿತಿ. ತೂಕ ಕನಿಷ್ಠ 45 ಕಿಲೋ. ಹಿಮೋಗ್ಲೋಬಿನ್ 12.5 ಗ್ರಾಂ ಇರಲೇಬೇಕು. ‘ಸಣ್ಣಗಿದ್ದೀನಿ’ ಎನ್ನುವವರಿಗೆ ಉತ್ತರ ಇಲ್ಲಿಯೇ ಇದೆ. ತಕ್ಕಡಿ 45 ತೋರಿಸಿದರೆ 350 ಮಿಲಿಲೀಟರ್ ಕೊಡಬಹುದು. 55 ಕಿಲೋ ಮೀರಿದವರಿಂದ 450 ತೆಗೆಯುವುದುಂಟು. ಸಸ್ಯಾಹಾರಿಗಳು ಕೊಡಬಾರದು ಎಂಬ ನಿಯಮ ಎಲ್ಲಿಯೂ ಇಲ್ಲ.

ಹೆಣ್ಣುಮಕ್ಕಳ ಮಾತು ಬೇರೆ. ಕೊಡಲು ಮನಸ್ಸಿದ್ದು ಬಂದವರೇ ಹಿಮೋಗ್ಲೋಬಿನ್ ಸಾಲದೆ ವಾಪಸಾಗುವುದು ಸಾಮಾನ್ಯ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ. ಹೀಗೆ ವಾಪಸಾದವರು ಬೇಸರಪಡುವ ಬದಲು ಅಲ್ಲಿನ ಪರೀಕ್ಷೆಯ ಚೀಟಿ ಹಿಡಿದು ವೈದ್ಯರನ್ನು ಕಾಣಬೇಕು. ಕಬ್ಬಿಣಾಂಶದ ಮಾತ್ರೆ, ಸೊಪ್ಪು, ಕಾಳು, ರಾಗಿಯಿಂದ ಮಟ್ಟ ಏರಿದ ಮೇಲೆ ಮತ್ತೆ ಹೋಗಬಹುದು. ಮುಟ್ಟಿನ ದಿನಗಳು, ಗರ್ಭಾವಸ್ಥೆ, ಎದೆಹಾಲು ಕುಡಿಸುವ ಕಾಲ ಮತ್ತು ಹೆರಿಗೆಯಾದ ಒಂದು ವರ್ಷ ಕೊಡುವಂತಿಲ್ಲ.

ಹಚ್ಚೆ ಹಾಕಿಸಿಕೊಂಡವರು, ಕಿವಿ ಮೂಗು ಚುಚ್ಚಿಸಿಕೊಂಡವರು ಒಂದು ವರ್ಷ ಕಾಯಬೇಕು. ಮಲೇರಿಯಾ ವಾಸಿಯಾಗಿ ಮೂರು ತಿಂಗಳು, ಡೆಂಗಿಯಾದರೆ ಆರು ತಿಂಗಳು ಕಳೆದಿರಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಕೊಡುವಂತಿಲ್ಲ. ಮಾತ್ರೆಯಲ್ಲೇ ಹತೋಟಿಯಲ್ಲಿದ್ದು, ನಾಲ್ಕು ವಾರಗಳಿಂದ ಪ್ರಮಾಣ ಬದಲಾಗದಿದ್ದರೆ ಅಡ್ಡಿಯಿಲ್ಲ. ಅಂತಿಮ ತೀರ್ಮಾನ ಅಲ್ಲಿನ ವೈದ್ಯರದು. ಪ್ರಶ್ನಾವಳಿಗೆ ಸುಳ್ಳು ಬರೆಯದಿರುವುದಷ್ಟೇ ದಾನಿಯ ಕೆಲಸ.

ಹಿಂದಿನ ರಾತ್ರಿಯಿಂದಲೇ ತಯಾರಿ

ತಲೆಸುತ್ತಿ ಬೀಳುವ ಪ್ರಸಂಗಗಳಲ್ಲಿ ಹಲವಕ್ಕೆ ಕಾರಣ ರಕ್ತ ಕಡಿಮೆಯಾದದ್ದಲ್ಲ, ಹೆದರಿಕೆ ಮತ್ತು ಖಾಲಿ ಹೊಟ್ಟೆ. ಶನಿವಾರದ ಉಪವಾಸ ಮಾಡುವವರು ಶನಿವಾರದ ಶಿಬಿರಕ್ಕೆ ಹೋಗಬಾರದು. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ. ರಾತ್ರಿ ಪಾಳಿ ಮುಗಿಸಿ ನೇರವಾಗಿ ಬರಬೇಡಿ, ಮದ್ಯ ಬೇಡವೇ ಬೇಡ. ಕೊಡುವ ನಾಲ್ಕು ಗಂಟೆಯೊಳಗೆ ಇಡ್ಲಿಯೋ ಉಪ್ಪಿಟ್ಟೋ ತಿಂದಿರಬೇಕು. ಸೂಜಿ ಚುಚ್ಚುವ ಮುನ್ನ ಅರ್ಧ ಲೀಟರ್ ನೀರು ಕುಡಿದರೆ ತಲೆಸುತ್ತು ಕಡಿಮೆಯಾಗುತ್ತದೆ. ಮೇಲೆ ಮಡಚಲು ಬರುವ ಸಡಿಲ ತೋಳಿನ ಅಂಗಿ ಇರಲಿ.

ಮಂಚದ ಮೇಲೆ ಏನಾಗುತ್ತದೆ?

ಮೊದಲು ಬೆರಳ ತುದಿಗೆ ಒಂದು ಚುಚ್ಚು. ಎಷ್ಟೋ ಶಿಬಿರಗಳಲ್ಲಿ ಆ ರಕ್ತದ ಹನಿಯನ್ನು ನೀಲಿ ದ್ರಾವಣವೊಂದಕ್ಕೆ ಬಿಡುತ್ತಾರೆ. ಅಡಿಕೆ ತೋಟದವರಿಗೆ ಅದರ ಬಣ್ಣ ನೋಡಿದ ತಕ್ಷಣ ಗುರುತು ಸಿಗುತ್ತದೆ. ಅದು ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಬಳಸುವ ಅದೇ ಮೈಲುತುತ್ತ. ಹನಿ ಮುಳುಗಿದರೆ ಹಿಮೋಗ್ಲೋಬಿನ್ ಸಾಕಷ್ಟಿದೆ, ತೇಲಿದರೆ ಸಾಲದು. ಬಳಿಕ ಬಿಪಿ, ನಾಡಿ, ತೂಕ ನೋಡಿ ವೈದ್ಯರು ನಾಲ್ಕು ಮಾತು ಕೇಳುತ್ತಾರೆ.

ಸೂಜಿ ದಪ್ಪವಾಗಿಯೇ ಇರುತ್ತದೆ, ಸುಳ್ಳು ಹೇಳಬೇಕಾಗಿಲ್ಲ. ಚುಚ್ಚಿದ ಕ್ಷಣ ನೋವಾಗುತ್ತದೆ, ಆಮೇಲೆ ಇರುವುದಿಲ್ಲ. ಹೆದರುವವರು ಅತ್ತ ಮುಖ ತಿರುಗಿಸಿ, ಕಾಲಿನ ಸ್ನಾಯುಗಳನ್ನು ಬಿಗಿದು ಬಿಡುತ್ತಿರಬೇಕು. ಮೊದಲ ಸಲವೆಂದು ಸಿಬ್ಬಂದಿಗೆ ಹೇಳಿದರೆ ಅವರು ಪಕ್ಕದಲ್ಲೇ ನಿಂತು ಮಾತನಾಡಿಸುತ್ತಾರೆ. ಸೂಜಿ, ಚೀಲ ಎಲ್ಲ ಹೊಸದು, ಒಬ್ಬರಿಗೆ ಬಳಸಿದ್ದು ಇನ್ನೊಬ್ಬರಿಗಿಲ್ಲ. ಹಾಗಾಗಿ ಕೊಡುವವರಿಗೆ ರೋಗ ಅಂಟುವ ಪ್ರಶ್ನೆ ಬರುವುದಿಲ್ಲ. ಐದರಿಂದ ಹತ್ತು ನಿಮಿಷದಲ್ಲಿ ಚೀಲ ತುಂಬುತ್ತದೆ.

ಇನ್ನು ಅಮ್ಮಂದಿರ ‘ನಿಶ್ಶಕ್ತಿ’ಯ ಮಾತು. ವಯಸ್ಕರ ಮೈಯಲ್ಲಿ ನಾಲ್ಕರಿಂದ ಐದು ಲೀಟರ್ ರಕ್ತವಿರುತ್ತದೆ. ಅದರಲ್ಲಿ ತೆಗೆದ 350 ಮಿಲಿಲೀಟರಿನ ನೀರಿನಂಶ ಒಂದೆರಡು ದಿನದಲ್ಲಿ ಮರಳುತ್ತದೆ, ಕೆಂಪು ಕಣಗಳು ತುಂಬಿಕೊಳ್ಳಲು ನಾಲ್ಕರಿಂದ ಎಂಟು ವಾರ ಬೇಕು. ಆ ದಿನ ಸ್ವಲ್ಪ ಸುಸ್ತೆನಿಸಿದರೆ ಅಚ್ಚರಿಯಿಲ್ಲ. ಗಂಡಸರು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಬಿಟ್ಟೇ ಮತ್ತೆ ಕೊಡಬೇಕೆಂಬ ನಿಯಮ ಇರುವುದು ಈ ಕಣಗಳು ತುಂಬಿಕೊಳ್ಳಲೆಂದೇ.

ಕೊಟ್ಟ ಮೇಲೆ ಹತ್ತು ಹದಿನೈದು ನಿಮಿಷ ಎದ್ದು ಓಡಬೇಡಿ. ಬಿಸ್ಕತ್ತು, ಜ್ಯೂಸ್ ಕೊಟ್ಟರೆ ಸಂಕೋಚಪಡದೆ ತೆಗೆದುಕೊಳ್ಳಿ. ಆ ಕೈಯಲ್ಲಿ ಅಂದು ಭಾರ ಎತ್ತಬೇಡಿ, ಗಂಟೆ ಕಾಲ ಸಿಗರೇಟು ಬೇಡ. ಬಸ್, ಲಾರಿ ಓಡಿಸುವವರು ಮತ್ತು ಮರ ಹತ್ತಿ ಕೊನೆ ಕೊಯ್ಯುವವರು ರಜೆಯ ಹಿಂದಿನ ದಿನವನ್ನು ಆರಿಸಿಕೊಳ್ಳುವುದು ಕ್ಷೇಮ. ಕೇಂದ್ರ ಸರ್ಕಾರಿ ನೌಕರರಿಗೆ ವರ್ಷಕ್ಕೆ ನಾಲ್ಕು ಬಾರಿ ಇದಕ್ಕೆಂದೇ ವಿಶೇಷ ಸಾಂದರ್ಭಿಕ ರಜೆ ಇದೆ, ಬಳಸಿಕೊಳ್ಳಬಹುದು.

ನಮ್ಮದನ್ನು ಅವರು ಮಾರುತ್ತಾರಂತೆ!

ಕೊಡದವರು ಹೇಳುವ ಮಾತುಗಳಲ್ಲಿ ತಳ್ಳಿಹಾಕಲಾಗದ್ದು ಇದೊಂದು. ಕಾನೂನಿನ ಪ್ರಕಾರ ರಕ್ತಕ್ಕೆ ಬೆಲೆಯಿಲ್ಲ. ಚೀಲ, ಶೇಖರಣೆ, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆಗಳಿಗೆ ಸಂಸ್ಕರಣಾ ಶುಲ್ಕ ಮಾತ್ರ ಪಡೆಯಬೇಕು. ಅದಕ್ಕಿಂತ ಹೆಚ್ಚು ಕೇಳಬಾರದೆಂದು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಮತ್ತೊಮ್ಮೆ ಎಚ್ಚರಿಸಿತು ಎಂದರೆ ದೂರುಗಳಲ್ಲಿ ಹುರುಳಿತ್ತು ಎಂದೇ ಅರ್ಥ. ಕೊಡುವ ಮುನ್ನ ಆ ಕೇಂದ್ರದ ಶುಲ್ಕದ ಪಟ್ಟಿ ಕೇಳಿ. ಪಟ್ಟಿ ತೋರಿಸಲು ತಡವರಿಸುವ ಕಡೆ ಕೊಡಬೇಡಿ. ಸರ್ಕಾರಿ ಆಸ್ಪತ್ರೆಯ ರಕ್ತನಿಧಿ, ರೆಡ್‌ಕ್ರಾಸ್, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇವೆಲ್ಲ ಇದ್ದೇ ಇವೆ. ಹತ್ತಿರದ ಕೇಂದ್ರ ಯಾವುದು, ಯಾವ ಗುಂಪಿನ ರಕ್ತ ಎಷ್ಟಿದೆ ಎಂಬುದನ್ನು ಕೇಂದ್ರ ಸರ್ಕಾರದ ಇ-ರಕ್ತಕೋಶ ಜಾಲತಾಣದಲ್ಲಿ ನೋಡಬಹುದು. ವಾಟ್ಸ್‌ಆ್ಯಪ್‌ನಲ್ಲಿ ವರ್ಷಗಟ್ಟಲೆ ಸುತ್ತುವ ‘ತುರ್ತಾಗಿ ಓ ನೆಗೆಟಿವ್ ಬೇಕಾಗಿದೆ’ ಸಂದೇಶವನ್ನು ಮುಂದಕ್ಕೆ ಕಳಿಸುವ ಮೊದಲು ಅದರಲ್ಲಿರುವ ನಂಬರಿಗೆ ಒಂದು ಫೋನ್ ಮಾಡಿ.

ಯಾವ ದಿನ ಕೊಡಬೇಕು?

ಶಿಬಿರಗಳ ಗದ್ದಲದಲ್ಲಿ ಮರೆತುಹೋಗುವುದು ಈ ಪ್ರಶ್ನೆ. ಒಂದು ಚೀಲ ರಕ್ತವನ್ನು ಮೂರು ಭಾಗ ಮಾಡುತ್ತಾರೆ. ಪ್ಲಾಸ್ಮಾವನ್ನು ಹೆಪ್ಪುಗಟ್ಟಿಸಿ ಒಂದು ವರ್ಷ ಇಡಬಹುದು. ಕೆಂಪು ಕಣಗಳು ಹೆಚ್ಚೆಂದರೆ 42 ದಿನ ಬಾಳುತ್ತವೆ, ಡೆಂಗಿ ರೋಗಿಗಳ ಮನೆಯವರು ಹುಡುಕಿ ಅಲೆಯುವ ಪ್ಲೇಟ್‌ಲೆಟ್ ಐದೇ ದಿನ. ನಾಯಕರ ಹುಟ್ಟುಹಬ್ಬಕ್ಕೋ ಅಕ್ಟೋಬರ್ 1ರ ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನಕ್ಕೋ ಒಂದೇ ದಿನ ಸಾವಿರ ಮಂದಿ ಕೊಟ್ಟು, ಏಪ್ರಿಲ್ ಮೇ ತಿಂಗಳಲ್ಲಿ ಕಾಲೇಜುಗಳಿಗೆ ರಜೆ ಎಂದು ಶಿಬಿರಗಳೇ ನಡೆಯದಿದ್ದರೆ ಲೆಕ್ಕ ತಪ್ಪುತ್ತದೆ. ಥಲಸ್ಸೇಮಿಯಾ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕೇ ಬೇಕು, ಬೇಸಿಗೆ ರಜೆಯಲ್ಲೂ.

ಆದ್ದರಿಂದ ಮೊದಲ ಸಲ ಕೊಟ್ಟು ಬಂದ ದಿನವೇ ಮೊಬೈಲ್ ಕ್ಯಾಲೆಂಡರಿನಲ್ಲಿ ಮುಂದಿನ ದಿನಾಂಕ ಗುರುತು ಹಾಕಿಕೊಳ್ಳಿ. ಅದು ಏಪ್ರಿಲ್ ಅಥವಾ ಮೇ ತಿಂಗಳಿಗೆ ಬೀಳುವಂತಿದ್ದರೆ ಇನ್ನೂ ಒಳ್ಳೆಯದು. ಹೋಗುವಾಗ, ಈವರೆಗೆ ಯಾರೂ ಕೇಳಿಲ್ಲವೆಂದು ಕೊಡದೇ ಉಳಿದಿರುವ ಗೆಳೆಯನನ್ನೋ ಗೆಳತಿಯನ್ನೋ ಒಂದು ಮಾತು ಕೇಳಿ, ಜತೆಗೆ ಕರೆದುಕೊಂಡು ಹೋಗಿ.